ಸಲ್ಫಾ, ಆಂಪ್ರೋಲಿಯಂ, ಟಾಲ್ಟ್ರಾಜುರಿಲ್: ರಕ್ತಭೇದಿಗೆ ಯಾವುದು, ಯಾವಾಗ?

ಮಳೆ ಹಿಡಿದ ಮೇಲೆ ಪಶು ಔಷಧಿ ಅಂಗಡಿಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಕೇಳಿಸುತ್ತದೆ. ‘ಕೋಳಿಮರಿಗಳು ರಕ್ತದ ಹಿಕ್ಕೆ ಹಾಕ್ತಿವೆ, ಏನಾದ್ರೂ ಕೊಡಿ.’ ಅಂಗಡಿಯವರು ಇದ್ದದ್ದನ್ನು ಕೊಡುತ್ತಾರೆ. ಒಂದು ಕಡೆ ಸಲ್ಫಾ ಪುಡಿ, ಇನ್ನೊಂದು ಕಡೆ ಆಂಪ್ರೋಲಿಯಂ, ಮತ್ತೊಂದು ಕಡೆ ಟಾಲ್ಟ್ರಾಜುರಿಲ್ ದ್ರಾವಣ. ಮೂರೂ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ಕಾಯಿಲೆಗೆ ಕೆಲಸ ಮಾಡುವ ಔಷಧಿಗಳೇ. ಆದರೆ ನಿಮ್ಮ ಶೆಡ್ಡಿಗೆ, ನಿಮ್ಮ ಮೇಕೆಗೆ, ಈ ವಾರಕ್ಕೆ ಸರಿಹೋಗುವುದು ಅವುಗಳಲ್ಲಿ ಒಂದೇ ಇರಬಹುದು.

‘ಯಾವುದು ಜಾಸ್ತಿ ಸ್ಟ್ರಾಂಗ್?’ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಬೇರೆ. ಈ ಪ್ರಾಣಿಯ ಹಾಲು, ಮೊಟ್ಟೆ ಅಥವಾ ಮಾಂಸ ಯಾವತ್ತು ಜನರ ತಟ್ಟೆಗೆ ಹೋಗುತ್ತದೆ? ಆ ತಾರೀಖು ಗೊತ್ತಾದರೆ ಅರ್ಧ ಆಯ್ಕೆ ತಾನಾಗಿಯೇ ಆಗಿಬಿಡುತ್ತದೆ. ಉಳಿದ ಅರ್ಧ, ಪ್ರಾಣಿ ಯಾವುದು ಮತ್ತು ಕಾಯಿಲೆ ನಿಜಕ್ಕೂ ಏನು ಅನ್ನುವುದರ ಮೇಲೆ ನಿಂತಿದೆ. ಔಷಧಿ ಬರೆದುಕೊಡುವವರು ಪಶು ವೈದ್ಯರು. ಅವರ ಹತ್ತಿರ ಸರಿಯಾದ ಪ್ರಶ್ನೆ ಕೇಳಲು ಇದು ನೆರವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆ ಇದೇನಾ ನೋಡಿ

ರಕ್ತ ಕಂಡ ಕೂಡಲೇ ಕಾಕ್ಸಿಡಿಯೋಸಿಸ್ ಎಂದು ತೀರ್ಮಾನಿಸಬೇಡಿ. ಈ ಕಾಯಿಲೆ ತರುವ ಐಮೇರಿಯಾ ಎಂಬ ಕಣ್ಣಿಗೆ ಕಾಣದ ಪರಾವಲಂಬಿ (ಕಾಕ್ಸಿಡಿಯಾ ಎಂದೂ ಕರೆಯುತ್ತಾರೆ) ಕರುಳಿನ ಒಳಪದರದಲ್ಲಿ ಬೆಳೆದು, ಅಲ್ಲಿನ ಜೀವಕೋಶಗಳನ್ನು ಒಡೆದುಕೊಂಡು ಹೊರಬರುತ್ತದೆ. ರಕ್ತ ಬರುವುದು ಅದರಿಂದ. ಕೋಳಿಗೆ ಬರುವ ಐಮೇರಿಯಾಗಳಲ್ಲಿ ಮುಖ್ಯವಾದವು 7 ಬಗೆ. ಅವುಗಳಲ್ಲಿ ಟೆನೆಲ್ಲಾ ಎಂಬುದು ಕರುಳಿನ ಕೊನೆಯ ಜೋಡಿ ಚೀಲಗಳಲ್ಲಿ, ಅಂದರೆ ಸೀಕಂನಲ್ಲಿ ನೆಲೆಸುತ್ತದೆ. ನಾವು ಕಣ್ಣಾರೆ ನೋಡುವ ಕೆಂಪು ಹಿಕ್ಕೆ ಬಹುಪಾಲು ಇದರದ್ದೇ. ಸತ್ತ ಮರಿಯನ್ನು ಕೊಯ್ದು ನೋಡಿದರೆ ಆ ಚೀಲಗಳಲ್ಲಿ ರಕ್ತ ತುಂಬಿರುತ್ತದೆ. ಅಸರ್ವುಲಿನಾ, ಮ್ಯಾಕ್ಸಿಮಾ ಎಂಬ ಬಗೆಗಳು ಮೇಲಿನ ಮತ್ತು ನಡುವಿನ ಕರುಳಿನಲ್ಲಿ ಇರುತ್ತವೆ. ಅಲ್ಲಿ ರಕ್ತ ಅಷ್ಟಾಗಿ ಕಾಣುವುದಿಲ್ಲ. ಮರಿ ಮಾತ್ರ ಸೊರಗುತ್ತಾ ಹೋಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ.

ಮೂರರಿಂದ ಆರು ವಾರದ ಮರಿಗಳಿಗೇ ಗುಂಬೊರೊ ರೋಗವೂ ಬರುತ್ತದೆ. ಅದು ವೈರಸ್ಸಿನ ಕಾಯಿಲೆ. ಕೊಯ್ದು ನೋಡಿದರೆ ತೊಡೆ ಮತ್ತು ಎದೆಯ ಮಾಂಸದಲ್ಲಿ ರಕ್ತದ ಗೆರೆಗಳು, ಊದಿದ ಕಿಡ್ನಿ ಕಾಣಬಹುದು. ಈ ಮರಿಗಳಿಗೆ ಸಲ್ಫಾ ಕೊಟ್ಟರೆ ಕೇಡೇ ಆಗುತ್ತದೆ. ಸಲ್ಫಾ ಮೈಯಿಂದ ಹೊರಗೆ ಹೋಗುವುದು ಮುಖ್ಯವಾಗಿ ಕಿಡ್ನಿಯ ಮೂಲಕ. ಕೆಲವು ಸಲ್ಫಾಗಳಿಗೆ ರಕ್ತಸ್ರಾವ ಹೆಚ್ಚಿಸುವ ಗುಣವೂ ಇದೆ. ಆಗಲೇ ಸೋತಿರುವ ಕಿಡ್ನಿಯ ಮೇಲೆ ಮತ್ತೊಂದು ಹೊರೆ ಹಾಕಿದ ಹಾಗಾಗುತ್ತದೆ. ಕೊಕ್ಕರೆ (ರಾಣಿಖೇತ್) ರೋಗವೂ ವೈರಸ್ಸಿನದ್ದೇ, ಅದರಲ್ಲಿ ಬರುವ ಹಸಿರು ಭೇದಿಗೆ ಸಲ್ಫಾ ಕೆಲಸ ಮಾಡುವುದಿಲ್ಲ.

ಮೇಕೆ ಮರಿಗಳ ಲೆಕ್ಕ ಇನ್ನೂ ಬೇರೆ. ಅವುಗಳಲ್ಲಿ ಕಾಕ್ಸಿಡಿಯೋಸಿಸ್ ಇದ್ದರೂ ರಕ್ತ ಕಾಣದೇ ಇರುವುದೇ ಜಾಸ್ತಿ. ಬಾಲದ ಸುತ್ತ ಅಂಟಿದ ತೆಳು ಹಿಕ್ಕೆ, ಒಣಗಿದ ಕೂದಲು, ಕುಗ್ಗುತ್ತಿರುವ ಮೈ, ಇಷ್ಟೇ ಗುರುತು. ಪಿಪಿಆರ್ ಎಂಬ ವೈರಸ್ ರೋಗ, ಇ.ಟಿ. ಎಂದು ಕರೆಯುವ ಕರುಳು ಬೇನೆ, ಜಂತುಹುಳು ಇವೆಲ್ಲ ಇದೇ ವಯಸ್ಸಿನ ಮರಿಗಳನ್ನೇ ಕಾಡುತ್ತವೆ. ಕರುಗಳಲ್ಲಿ ಮಾತ್ರ ರಕ್ತ ಬೆರೆತ ಭೇದಿ ಚೆನ್ನಾಗಿ ಕಾಣಿಸುತ್ತದೆ, ಸಗಣಿ ಹಾಕಲು ಕರು ತಿಣುಕುತ್ತದೆ.

ಹಾಗಾಗಿ ತಾಜಾ ಹಿಕ್ಕೆಯನ್ನೋ, ಆಗಷ್ಟೇ ಸತ್ತ ಒಂದು ಮರಿಯನ್ನೋ ಪಶು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ದೂರ ಆದರೆ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು. ಒಂದು ವಿಷಯ ತಿಳಿದಿರಲಿ. ಆರೋಗ್ಯವಾಗಿರುವ ಪ್ರಾಣಿಯ ಹಿಕ್ಕೆಯಲ್ಲೂ ಐಮೇರಿಯಾ ಮೊಟ್ಟೆಗಳು ಸಿಗುತ್ತವೆ. ತೀರಾ ಜೋರಾದ ಕಾಯಿಲೆಯಲ್ಲಿ ರಕ್ತ ಮೊದಲು ಬಂದು, ಮೊಟ್ಟೆಗಳು ಒಂದೆರಡು ದಿನ ಬಿಟ್ಟು ಕಾಣುವುದೂ ಉಂಟು. ಅದಕ್ಕೇ ಡಾಕ್ಟರು ರಿಪೋರ್ಟ್ ಒಂದನ್ನೇ ನೋಡುವುದಿಲ್ಲ. ವಯಸ್ಸು, ಶೆಡ್ಡಿನ ಸ್ಥಿತಿ, ಲಕ್ಷಣ ಎಲ್ಲ ಸೇರಿಸಿ ಹೇಳುತ್ತಾರೆ.

ಸಲ್ಫಾ ಹೇಗೆ ಕೆಲಸ ಮಾಡುತ್ತದೆ

ಇದನ್ನು ತಿಳಿದುಕೊಂಡರೆ ಮುಂದಿನ ಆಯ್ಕೆ ತುಂಬಾ ಸುಲಭ. ಸಲ್ಫಾ ಪೂರ್ತಿಯಾಗಿ ಕಾರ್ಖಾನೆಯಲ್ಲಿ ತಯಾರಾಗುವ ರಾಸಾಯನಿಕ. ಪೆನಿಸಿಲಿನ್ ಹಾಗೆ ಬೂಸ್ಟಿನಿಂದ ಬಂದದ್ದಲ್ಲ. 1930ರ ದಶಕದ ಮೊದಲಿಗೆ ಜರ್ಮನಿಯ ಬಾಯರ್ ಕಂಪನಿಯಲ್ಲಿ ಗೆರ್ಹಾರ್ಡ್ ಡೊಮಾಕ್ ಅವರು ಪ್ರೊಂಟೊಸಿಲ್ ಎಂಬ ಕೆಂಪು ಬಣ್ಣದ ವಸ್ತುವಿನಿಂದ ಸೋಂಕು ತಗುಲಿದ ಇಲಿಗಳನ್ನು ಉಳಿಸಿದರು. ಆ ಕೆಲಸ 1935ರಲ್ಲಿ ಪ್ರಕಟವಾಯಿತು. ಅದೇ ವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು, ಪ್ರೊಂಟೊಸಿಲ್ ಒಳಗಿರುವ ಸಲ್ಫಾನಿಲಮೈಡ್ ಎಂಬ ಭಾಗವೇ ಅಸಲಿ ಔಷಧಿ ಎಂದು ತೋರಿಸಿದರು. 1939ರಲ್ಲಿ ಡೊಮಾಕ್ ಅವರಿಗೆ ನೊಬೆಲ್ ಬಂತು. ಅದೇ 1939ರಲ್ಲಿ ಅಮೆರಿಕದ ಪಿ. ಪಿ. ಲೆವೀನ್ ಅವರು ಸಲ್ಫಾನಿಲಮೈಡ್ ಕೋಳಿಯ ಕಾಕ್ಸಿಡಿಯಾವನ್ನೂ ತಡೆಯುತ್ತದೆ ಎಂದು ತೋರಿಸಿದರು. 1948ರ ಹೊತ್ತಿಗೆ ಸಲ್ಫಾಕ್ವಿನಾಕ್ಸಲಿನ್ ಅನ್ನು ಅಲ್ಲಿ ಕೋಳಿ ಫೀಡಿನಲ್ಲೇ ಬೆರೆಸಿ ಕೊಡಲು ಶುರು ಮಾಡಿದರು. ಹೆಚ್ಚು ಕೋಳಿಗಳನ್ನು ಒಂದೇ ಶೆಡ್ಡಿನಲ್ಲಿ ಸಾಕಲು ಆಗಿದ್ದರ ಹಿಂದೆ ಈ ಔಷಧಿಯ ಪಾಲೂ ಇದೆ.

ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ಫೋಲಿಕ್ ಆಸಿಡ್ ಬೇಕು. ಅದನ್ನು ಅವು ತಾವೇ ಮಾಡಿಕೊಳ್ಳುತ್ತವೆ. ಪಾಬಾ ಎಂಬ ವಸ್ತು ಅದಕ್ಕೆ ಕಚ್ಚಾ ಸಾಮಗ್ರಿ. ಸಲ್ಫಾದ ಅಣು ನೋಡಲು ಪಾಬಾದಂತೆಯೇ ಇದೆ. ಬ್ಯಾಕ್ಟೀರಿಯಾದ ಎಂಜೈಮು ಮೋಸಹೋಗಿ ಪಾಬಾದ ಜಾಗದಲ್ಲಿ ಸಲ್ಫಾವನ್ನು ಹಿಡಿದುಕೊಳ್ಳುತ್ತದೆ, ಫೋಲಿಕ್ ಆಸಿಡ್ ತಯಾರಿ ನಿಲ್ಲುತ್ತದೆ. ಐಮೇರಿಯಾಕ್ಕೂ ಇದೇ ಗತಿ. ಹಸು, ಕೋಳಿ, ಮನುಷ್ಯ ಇವರೆಲ್ಲ ಫೋಲಿಕ್ ಆಸಿಡ್ಡನ್ನು ಆಹಾರದಿಂದ ಪಡೆಯುತ್ತಾರೆ. ಅದಕ್ಕೇ ಈ ಪೆಟ್ಟು ನಮಗೆ ನೇರವಾಗಿ ಬೀಳುವುದಿಲ್ಲ.

ಇದರಿಂದ ಕೊಟ್ಟಿಗೆಯಲ್ಲಿ ಉಪಯೋಗಕ್ಕೆ ಬರುವ ನಾಲ್ಕು ಮಾತು ಹೊರಡುತ್ತವೆ. ಸಲ್ಫಾ ಒಂದೇ ಆದರೆ ರೋಗಾಣುವನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಉಳಿದ ಕೆಲಸ ಪ್ರಾಣಿಯ ಮೈಯೇ ಮಾಡಬೇಕು. ಹಾಗಾಗಿ ಬೇಗ ಕೊಟ್ಟಷ್ಟೂ ಒಳ್ಳೆಯದು. ಎರಡನೆಯದು, ಕೀವು ತುಂಬಿದ ಕಡೆ ಸಲ್ಫಾ ಸೋಲುತ್ತದೆ. ಕೀವಿನಲ್ಲಿ, ಸತ್ತ ಮಾಂಸದಲ್ಲಿ ಪಾಬಾ ಮತ್ತು ಅಂಥ ಬೇರೆ ವಸ್ತುಗಳು ಬೇಕಾದಷ್ಟು ಇರುತ್ತವೆ. ಕುರುವನ್ನು ಕೊಯ್ದು ತೊಳೆಯದೆ ಸುಮ್ನೆ ಸಲ್ಫಾ ಬೋಲಸ್ (ದೊಡ್ಡ ಮಾತ್ರೆ) ನುಂಗಿಸಿ ಫಲವಿಲ್ಲ. ಮೂರನೆಯದು, ಪ್ರೊಕೇನ್ ಎಂಬ ಮರಗಟ್ಟಿಸುವ ಔಷಧಿ ಮೈಯೊಳಗೆ ಒಡೆದು ಪಾಬಾ ಆಗುತ್ತದೆ. ಪ್ರೊಕೇನ್ ಪೆನಿಸಿಲಿನ್ ಮತ್ತು ಸಲ್ಫಾ ಎರಡನ್ನೂ ಒಟ್ಟಿಗೆ ಕೊಡಿಸುವ ಮೊದಲು ಡಾಕ್ಟರನ್ನು ಕೇಳಿ. ನಾಲ್ಕನೆಯದು ನೀರು. ಸಲ್ಫಾ ಮೂತ್ರದಲ್ಲಿ ಹರಳುಗಟ್ಟಬಹುದು. ಭೇದಿಯಿಂದ ಒಣಗಿದ ಕರುವಿಗೆ ಮೊದಲು ಎಲೆಕ್ಟ್ರೋಲೈಟ್ ನೀರು, ಅದರ ಜೊತೆಗೇ ಔಷಧಿ. ಈ ಕ್ರಮ ತಪ್ಪಬಾರದು.

ಸಲ್ಫಾಗಳಲ್ಲೇ ಯಾವುದು?

ಅಂಗಡಿಯಲ್ಲಿ ‘ಸಲ್ಫಾ’ ಎಂದರೆ ಒಂದೇ ಔಷಧಿ ಅಲ್ಲ. ಕೊನೆಯ ಅಕ್ಷರದವರೆಗೂ ಹೆಸರು ಓದಿ.

ಸಲ್ಫಾಡಿಮಿಡಿನ್ ನಮ್ಮಲ್ಲಿ ಹಸು ಎಮ್ಮೆಗಳ ಹಳೆಯ ಔಷಧಿ. ಅಮೆರಿಕದವರು ಇದನ್ನೇ ಸಲ್ಫಾಮೆಥಜೀನ್ ಎನ್ನುತ್ತಾರೆ. ಎರಡೂ ಒಂದೇ. ಬೋಲಸ್ ರೂಪದಲ್ಲಿ ಸಿಗುತ್ತದೆ, 33.3 ಶೇಕಡಾ ಇಂಜೆಕ್ಷನ್ ಕೂಡ ಇದೆ. ದನಗಳ ಗಂಟಲು ಊದುವ ಗಳಲೆ ರೋಗಕ್ಕೆ ಮೊದಲ ಗಂಟೆಗಳಲ್ಲಿ ರಕ್ತನಾಳಕ್ಕೆ ಕೊಡುವುದು ಹಳೆಯ ಪದ್ಧತಿ. ಆ ಇಂಜೆಕ್ಷನ್ ತುಂಬಾ ಕ್ಷಾರವಾದದ್ದು. ಮಾಂಸಕ್ಕೆ ಚುಚ್ಚಿದರೆ ಉರಿ, ಊತ ಬರುತ್ತದೆ. ಅದಕ್ಕೇ ಅದು ಡಾಕ್ಟರ ಕೈಯಲ್ಲೇ, ನಿಧಾನವಾಗಿ, ರಕ್ತನಾಳಕ್ಕೇ ಹೋಗಬೇಕು. ಕರುಗಳ ಕಾಕ್ಸಿಡಿಯೋಸಿಸ್‌ಗೆ ಬಾಯಿಂದ ಕೊಡುತ್ತಾರೆ. ಕರು ಹಾಲು ಹಿಂಡುವ ಪ್ರಾಣಿಯಲ್ಲ, ಸದ್ಯಕ್ಕೆ ಮಾರಾಟಕ್ಕೂ ಇಲ್ಲ ಎಂದಾದರೆ ಇದು ಕಡಿಮೆ ಖರ್ಚಿನ, ಒಪ್ಪುವ ಆಯ್ಕೆ.

ಸಲ್ಫಾಕ್ವಿನಾಕ್ಸಲಿನ್ ಕೋಳಿ ಮತ್ತು ಮೊಲಗಳದ್ದು. ಮೊಲದ ಈಲಿಗೆ ಬರುವ ಕಾಕ್ಸಿಡಿಯಾಕ್ಕೂ ಇದನ್ನು ಬಳಸುತ್ತಾರೆ. ಇದರ ದೊಡ್ಡ ತೊಂದರೆ ಎಂದರೆ ವಿಟಮಿನ್ ಕೆ ಕೆಲಸಕ್ಕೆ ಅಡ್ಡ ಬರುವುದು. ರಕ್ತ ಹೆಪ್ಪುಗಟ್ಟಲು ಆ ವಿಟಮಿನ್ ಬೇಕು. ಆಗಲೇ ರಕ್ತ ಸೋರುತ್ತಿರುವ ಮರಿಗೆ ಈ ಪುಡಿಯನ್ನು ಅಳತೆ ಮೀರಿ ಕೊಟ್ಟರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ, ಅಲ್ವಾ? ಅದಕ್ಕೆ ಡಾಕ್ಟರು ಇದರ ಜೊತೆ ವಿಟಮಿನ್ ಕೆ ಬರೆಯುತ್ತಾರೆ. ಎಡೆಬಿಡದೆ ಕೊಡುವುದಿಲ್ಲ. ಅಮೆರಿಕದ ಲೇಬಲ್‌ನಲ್ಲಿ ಇರುವ ಕ್ರಮ ನೋಡಿ: ಮೊದಲ ಎರಡು ಮೂರು ದಿನ ನೀರಿನಲ್ಲಿ 0.04 ಶೇಕಡಾ, ಆಮೇಲೆ ಮೂರು ದಿನ ಬಿಡುವು, ಮತ್ತೆ ಎರಡು ದಿನ 0.025 ಶೇಕಡಾ. ಆ ಬಿಡುವು ಔಷಧಿಯ ಭಾಗವೇ. ‘ಇನ್ನೂ ಸ್ವಲ್ಪ ಕೊಡೋಣ, ಬೇಗ ವಾಸಿಯಾಗಲಿ’ ಎಂಬ ಆಸೆ ಇಲ್ಲಿ ಮರಿಗಳನ್ನೇ ಕೊಲ್ಲುತ್ತದೆ.

ಸಲ್ಫಾಡೈಮೆಥಾಕ್ಸಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವ ಸಲ್ಫಾ. ದಿನಕ್ಕೆ ಒಂದು ಸಲ ಸಾಕು. ಅಮೆರಿಕದಲ್ಲಿ ದನಕ್ಕೆ ಮೊದಲ ದಿನ ಕೆಜಿಗೆ 55 ಮಿಲಿಗ್ರಾಂ, ಆಮೇಲೆ ದಿನಕ್ಕೆ 27.5 ಮಿಲಿಗ್ರಾಂ ಎಂಬ ಲೆಕ್ಕ. ಅಲ್ಲಿ ನಾಯಿಮರಿಗಳಿಗೂ ಇದೇ ಪ್ರಮಾಣ. ಕೋಳಿಗಳು ಸಲ್ಫಾಕ್ವಿನಾಕ್ಸಲಿನ್‌ಗಿಂತ ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಎರಡೂ ಸಿಗುವ ಕಡೆ, ಡಾಕ್ಟರು ಒಪ್ಪಿದರೆ, ನಾನು ಇದರ ಕಡೆಗೇ ವಾಲುತ್ತೇನೆ.

ಸಲ್ಫಾ ಮತ್ತು ಟ್ರೈಮೆಥೊಪ್ರಿಮ್ ಸೇರಿದ ಔಷಧಿ ಮತ್ತೊಂದು ದಾರಿ. ಫೋಲಿಕ್ ಆಸಿಡ್ ತಯಾರಾಗುವ ಹಾದಿಯಲ್ಲಿ ಸಲ್ಫಾ ಒಂದು ಕಡೆ ತಡೆದರೆ, ಟ್ರೈಮೆಥೊಪ್ರಿಮ್ ಮುಂದಿನ ಇನ್ನೊಂದು ಕಡೆ ತಡೆಯುತ್ತದೆ. ಎರಡೂ ಸೇರಿದಾಗ ರೋಗಾಣು ಸಾಯುತ್ತದೆ. ಐದು ಪಾಲು ಸಲ್ಫಾಕ್ಕೆ ಒಂದು ಪಾಲು ಟ್ರೈಮೆಥೊಪ್ರಿಮ್ ಇರುತ್ತದೆ. ಬ್ಯಾಕ್ಟೀರಿಯಾದ ಸೋಂಕಿಗೆ ಬರೀ ಸಲ್ಫಾಗಿಂತ ಇದು ಎಷ್ಟೋ ಮೇಲು. ಆದರೆ ದೊಡ್ಡ ಹಸುವಿಗೆ, ಮೇಕೆಗೆ ಬಾಯಿಂದ ಕೊಟ್ಟರೆ ದುಡ್ಡು ದಂಡ. ಮೆಲುಕು ಹಾಕುವ ಹೊಟ್ಟೆಯಲ್ಲಿ ಟ್ರೈಮೆಥೊಪ್ರಿಮ್ ಹಾಳಾಗಿ ಹೋಗುತ್ತದೆ. ಇನ್ನೂ ಹಾಲು ಕುಡಿಯುವ ಕರುವಿಗೆ ಬಾಯಿಂದ ಕೊಡಬಹುದು. ದೊಡ್ಡದಕ್ಕೆ ಇಂಜೆಕ್ಷನ್ನೇ ಆಗಬೇಕು. ಇಲ್ಲಿ ಪ್ರಾಣಿಯ ವಯಸ್ಸೇ ಆಯ್ಕೆ ಮಾಡಿಬಿಡುತ್ತದೆ.

ಆಂಪ್ರೋಲಿಯಂ ಮತ್ತು ಟಾಲ್ಟ್ರಾಜುರಿಲ್ ಪಕ್ಕದಲ್ಲಿಟ್ಟು ನೋಡಿದರೆ

ಆಂಪ್ರೋಲಿಯಂ ಸಲ್ಫಾ ಅಲ್ಲ. 1960ರ ಹೊತ್ತಿಗೆ ಬಂದ ಇದರ ಅಣು ವಿಟಮಿನ್ ಬಿ1ರ ಹಾಗಿದೆ. ಐಮೇರಿಯಾ ಬಿ1 ಎಂದುಕೊಂಡು ಇದನ್ನು ಹೀರಿಕೊಂಡು ಸೊರಗುತ್ತದೆ. ಬ್ಯಾಕ್ಟೀರಿಯಾದ ಮೇಲೆ ಇದಕ್ಕೆ ಯಾವ ಕೆಲಸವೂ ಇಲ್ಲ. ಸೀಕಂನಲ್ಲಿ ಕೂರುವ ಟೆನೆಲ್ಲಾ ಮೇಲೆ ಇದು ಚೆನ್ನಾಗಿ ನಡೆಯುತ್ತದೆ. ಸಲ್ಫಾದ ಬಲ ಇರುವುದು ಮೇಲಿನ ಕರುಳಿನ ಬಗೆಗಳ ಮೇಲೆ. ಎರಡನ್ನೂ ಸೇರಿಸಿದ ಪುಡಿಗಳು ಮಾರುಕಟ್ಟೆಗೆ ಬಂದಿರುವುದು ಇದೇ ಕಾರಣಕ್ಕೆ. ಕೆಂಪು ಹಿಕ್ಕೆ, ಸೀಕಂ ತುಂಬ ರಕ್ತ ಎಂದು ಖಚಿತವಾದರೆ ಆಂಪ್ರೋಲಿಯಂ ಮೊದಲ ಆಯ್ಕೆಯಾಗಬಹುದು. ನೀರಿನಲ್ಲಿ 0.012 ಶೇಕಡಾ, ಜೋರಾಗಿದ್ದರೆ 0.024 ಶೇಕಡಾ, ಮೂರರಿಂದ ಐದು ದಿನ. ಆಮೇಲೆ 0.006 ಶೇಕಡಾ ಒಂದೆರಡು ವಾರ. ಇದು ಬಹುಕಾಲದಿಂದ ಇರುವ ಲೇಬಲ್ ಕ್ರಮ.

ಇದರ ಜೊತೆ ಬಿ-ಕಾಂಪ್ಲೆಕ್ಸ್ ಟಾನಿಕ್ ಕೊಡಬೇಡಿ. ಮರಿ ಸೋತಿದೆ ಎಂದು ಕನಿಕರದಿಂದ ಕೊಡುವ ಆ ಟಾನಿಕ್ಕಿನ ಬಿ1 ಆಂಪ್ರೋಲಿಯಂನ ಕೆಲಸವನ್ನೇ ಕೆಡಿಸುತ್ತದೆ. ಚಿಕಿತ್ಸೆ ಮುಗಿದ ಮೇಲೆ ಧಾರಾಳವಾಗಿ ಕೊಡಿ. ಕರು, ಮೇಕೆಗಳಿಗೆ ಆಂಪ್ರೋಲಿಯಂ ಅಳತೆ ಮೀರಿದರೆ ಪ್ರಾಣಿಗೇ ಬಿ1 ಕೊರತೆಯಾಗಿ ಮೆದುಳಿಗೆ ಪೆಟ್ಟು ಬೀಳುತ್ತದೆ. ಕಣ್ಣು ಕಾಣದಂತಾಗಿ, ತಲೆ ಹಿಂದಕ್ಕೆ ಎಳೆದುಕೊಂಡು ಬೀಳುತ್ತವೆ. ಕರುವಿಗೆ ಕೆಜಿಗೆ 10 ಮಿಲಿಗ್ರಾಂ, ಐದು ದಿನ ಎಂಬ ಮಿತಿ ಇರುವುದು ಸುಮ್ನೆ ಅಲ್ಲ.

ಟಾಲ್ಟ್ರಾಜುರಿಲ್ ಈ ಮೂರರಲ್ಲಿ ಹೊಸದು, ದುಬಾರಿ. ಐಮೇರಿಯಾ ಜೀವಕೋಶದೊಳಗೆ ಬೆಳೆಯುವ ಎಲ್ಲ ಹಂತಗಳ ಮೇಲೂ ಇದು ಹೊಡೆಯುತ್ತದೆ. ಕೋಳಿಗೆ ಕೆಜಿಗೆ 7 ಮಿಲಿಗ್ರಾಂ, ಎರಡೇ ದಿನ. ಕರುವಿಗೆ ಕೆಜಿಗೆ 15, ಕುರಿಮರಿಗೆ 20 ಮಿಲಿಗ್ರಾಂ, ಒಂದೇ ಸಲ. ಐವತ್ತು ಮೇಕೆ ಮರಿಗಳನ್ನು ಹಿಡಿದು ಐದು ದಿನ ಬಾಯಿಗೆ ಔಷಧಿ ಹಾಕುವ ಕಷ್ಟ ಗೊತ್ತಿರುವವರಿಗೆ ‘ಒಂದೇ ಸಲ’ ಎಂಬುದರ ಬೆಲೆ ಗೊತ್ತು. ಆಳಿನ ಕೂಲಿ ಲೆಕ್ಕ ಹಾಕಿದರೆ ದುಬಾರಿ ಬಾಟಲಿಯೇ ಕೆಲವೊಮ್ಮೆ ಅಗ್ಗವಾಗುತ್ತದೆ. ಲಕ್ಷಣ ಕಾಣುವ ಮೊದಲೇ, ಅಂದರೆ ಹೋದ ವರ್ಷ ಯಾವ ವಯಸ್ಸಿನಲ್ಲಿ ಕಾಯಿಲೆ ಬಂತೋ ಅದಕ್ಕೆ ಸ್ವಲ್ಪ ಮುಂಚೆ ಕೊಟ್ಟಾಗ ಇದರ ಪೂರ್ತಿ ಫಲ ಸಿಗುತ್ತದೆ.

ಆದರೆ ಇದು ಮೈಯಲ್ಲಿ ಬಹಳ ದಿನ ಉಳಿಯುತ್ತದೆ. ಯುರೋಪಿನ ಲೇಬಲ್‌ಗಳಲ್ಲಿ ಕುರಿಮರಿಯ ಮಾಂಸಕ್ಕೆ 42 ದಿನ, ಕರುವಿನ ಮಾಂಸಕ್ಕೆ 63 ದಿನ ಕಾಯಬೇಕು ಎಂದಿದೆ. ಜನ ತಿನ್ನುವ ಮೊಟ್ಟೆ ಇಡುವ ಕೋಳಿಗೆ, ಹಾಲು ಹಿಂಡುವ ಪ್ರಾಣಿಗೆ ಕೊಡುವಂತೆಯೇ ಇಲ್ಲ. ಇನ್ನು ಮೂರು ವಾರಕ್ಕೆ ಹಬ್ಬ, ಮೇಕೆ ಮಾರಬೇಕು ಎನ್ನುವವರಿಗೆ ಈ ಬಾಟಲಿ ಅಲ್ಲ.

ಫೀಡ್ ಚೀಲದ ಮೇಲೆ ಸಲಿನೊಮೈಸಿನ್, ಮೊನೆನ್ಸಿನ್, ಮಡುರಾಮೈಸಿನ್ ಎಂದು ಬರೆದಿದ್ದರೆ, ತಡೆಗಟ್ಟುವ ಔಷಧಿ ಆಗಲೇ ಕೋಳಿಯ ಹೊಟ್ಟೆಗೆ ಹೋಗುತ್ತಿದೆ. ಅವು ಕಾಯಿಲೆ ಬಂದ ಮೇಲೆ ವಾಸಿ ಮಾಡುವ ಔಷಧಿಗಳಲ್ಲ. ಆ ಫೀಡ್ ಕುದುರೆಯ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ, ಮೊನೆನ್ಸಿನ್ ಅದಕ್ಕೆ ವಿಷ. ಕಾಕ್ಸಿಡಿಯೋಸಿಸ್ ಲಸಿಕೆ ಹಾಕಿಸಿದ್ದರೆ ಇನ್ನೂ ಬೇರೆ ಲೆಕ್ಕ. ಅದು ಜೀವಂತ ಐಮೇರಿಯಾದ ಲಸಿಕೆ. ಸಲ್ಫಾ ಅಥವಾ ಆಂಪ್ರೋಲಿಯಂ ಕೊಟ್ಟರೆ ಲಸಿಕೆಯೇ ಸತ್ತುಹೋಗುತ್ತದೆ.

ಹಾಲು, ಮೊಟ್ಟೆ, ಮಾಂಸದ ತಾರೀಖು

ನಾನು ಮೊದಲೇ ಹೇಳಿದ ಪ್ರಶ್ನೆ ಇದು. ಬಾಟಲಿಯ ಮೇಲೆ ‘ವಿತ್‌ಡ್ರಾವಲ್ ಪೀರಿಯಡ್’ ಎಂದು ಇರುತ್ತದೆ. ಕೊನೆಯ ಡೋಸ್ ಕೊಟ್ಟ ಮೇಲೆ ಅಷ್ಟು ದಿನ ಆ ಪ್ರಾಣಿಯದ್ದು ಏನೂ ಮಾರುವಂತಿಲ್ಲ, ತಿನ್ನುವಂತಿಲ್ಲ. ನಮ್ಮ ದೇಶದಲ್ಲಿ 2012ರಲ್ಲಿ ಔಷಧಿ ನಿಯಮಗಳ 97ನೇ ನಿಯಮಕ್ಕೆ ಇದನ್ನು ಸೇರಿಸಿದರು. ಆ ಔಷಧಿಗೆ ಆ ಪ್ರಾಣಿಯಲ್ಲಿ ಪರೀಕ್ಷೆ ಮಾಡಿ ನಿಗದಿಪಡಿಸಿದ ಅವಧಿ ಇಲ್ಲದಿದ್ದರೆ, ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ ಮತ್ತು ಇತರ ಪ್ರಾಣಿಗಳ ಮಾಂಸಕ್ಕೆ ಕನಿಷ್ಠ 28 ದಿನ. ಲೇಬಲ್ ಹರಿದುಹೋಗಿದ್ದರೆ, ಅಂಗಡಿಯವರಿಗೂ ಗೊತ್ತಿಲ್ಲದಿದ್ದರೆ ಈ ಎರಡು ಅಂಕಿ ಕನಿಷ್ಠ ಎಂದು ನೆನಪಿಟ್ಟುಕೊಳ್ಳಿ, ಟಾಲ್ಟ್ರಾಜುರಿಲ್‌ನಂಥ ಔಷಧಿಗೆ ಅದಕ್ಕಿಂತ ಹೆಚ್ಚು ದಿನ ಬೇಕಾಗಬಹುದು.

ಈಗ ಲೆಕ್ಕ ಹಾಕಿ ನೋಡಿ. ನಲವತ್ತು ದಿನಕ್ಕೆ ಮಾರುವ ಬ್ರಾಯ್ಲರ್ ಮರಿಗೆ 25ನೇ ದಿನ ಕಾಯಿಲೆ ಬಂದರೆ, 28 ದಿನ ಕಾಯಬೇಕಾದ ಔಷಧಿ ಕೊಟ್ಟು ಮಾರಾಟದ ದಿನಕ್ಕೆ ಮಾರಲು ಬರುವುದಿಲ್ಲ. ಅಲ್ಲಿ ಕಡಿಮೆ ಅವಧಿ ನಿಗದಿಯಾಗಿರುವ ಆಂಪ್ರೋಲಿಯಂ ಕಡೆಗೆ ಡಾಕ್ಟರು ಹೋಗುತ್ತಾರೆ. ಅದೇ ನಾಟಿ ಕೋಳಿ, ಗಿರಿರಾಜ ಸಾಕುವವರು ಐದಾರು ತಿಂಗಳು ಸಾಕುತ್ತಾರೆ. ಒಂದು ತಿಂಗಳ ಮರಿಗೆ ಸಲ್ಫಾ ಕೊಟ್ಟರೂ, ಟಾಲ್ಟ್ರಾಜುರಿಲ್ ಕೊಟ್ಟರೂ ಮಾರುವ ಹೊತ್ತಿಗೆ ಸಾಕಷ್ಟು ದಿನ ಕಳೆದಿರುತ್ತದೆ. ಮರಿ ಅದೇ, ಕಾಯಿಲೆ ಅದೇ, ಉತ್ತರ ಬೇರೆ.

ಮೊಟ್ಟೆ ಕೋಳಿಗೆ ಸಲ್ಫಾ ಬೇಡ ಎಂದೇ ನನ್ನ ಮಾತು. ಸಲ್ಫಾ ಮೊಟ್ಟೆಯೊಳಗೆ ಇಳಿಯುತ್ತದೆ. ಅಮೆರಿಕದಲ್ಲಿ 16 ವಾರ ದಾಟಿದ ಕೋಳಿಗೆ ಸಲ್ಫಾಡೈಮೆಥಾಕ್ಸಿನ್ ಕೊಡಬಾರದು ಎಂದು ಲೇಬಲ್‌ನಲ್ಲೇ ಇದೆ. ಆಂಪ್ರೋಲಿಯಂಗೆ ಅಲ್ಲಿ ಮೊಟ್ಟೆ ಬಿಸಾಡುವ ಅವಧಿ ಇಲ್ಲ. ಮನೆ ಹಿಂದೆ ಹತ್ತು ಕೋಳಿ ಇಟ್ಟುಕೊಂಡು ಮಕ್ಕಳಿಗೆ ದಿನಾ ಮೊಟ್ಟೆ ಕೊಡುವವರಿಗೆ ಇದು ತುಂಬಾ ಮುಖ್ಯ.

ಹಾಲಿನ ಹಸುವಿನ ವಿಷಯದಲ್ಲಿ ಅಮೆರಿಕದ ಕಾನೂನು ಇನ್ನೂ ಬಿಗಿ. ಹಾಲು ಕೊಡುವ ಹಸುವಿಗೆ ಲೇಬಲ್ ಬಿಟ್ಟು ಬೇರೆ ರೀತಿಯಲ್ಲಿ ಸಲ್ಫಾ ಬಳಸುವುದೇ ಅಪರಾಧ. ಅಲ್ಲಿ ಒಪ್ಪಿಗೆ ಇರುವ ಸಲ್ಫಾಡೈಮೆಥಾಕ್ಸಿನ್‌ಗೂ 60 ಗಂಟೆಯ ಹಾಲು ಚೆಲ್ಲಬೇಕು, ಮಾಂಸಕ್ಕೆ 7 ದಿನ ಕಾಯಬೇಕು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಹಾಲಿನಲ್ಲಿ ಸಲ್ಫಾಡಿಮಿಡಿನ್ ಲೀಟರಿಗೆ 25 ಮೈಕ್ರೋಗ್ರಾಂ ಮೀರಬಾರದು, ಮಾಂಸದಲ್ಲಿ ಕೆಜಿಗೆ 100 ಮೈಕ್ರೋಗ್ರಾಂ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನಮ್ಮ ಹಳ್ಳಿಯ ಡೇರಿಯಲ್ಲಿ ಎಲ್ಲರ ಮನೆಯ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಔಷಧಿ ಕೊಟ್ಟ ಒಂದು ಹಸುವಿನ ಹಾಲು ಇಡೀ ಊರಿನ ಹಾಲಿಗೆ ಬೆರೆಯುತ್ತದೆ. ಕಾಯಿಸಿದರೆ ಸಲ್ಫಾ ಹೋಗುವುದಿಲ್ಲ, ಬಿಸಿ ತಡೆದುಕೊಳ್ಳುವ ಔಷಧಿ ಅದು. ಸಲ್ಫಾ ಅಲರ್ಜಿ ಇರುವವರು ನಮ್ಮ ನಡುವೆಯೇ ಇದ್ದಾರೆ. ಅಂಥವರು ಮನೆಯಲ್ಲಿದ್ದರೆ ಪುಡಿ ಕಲೆಸುವ ಕೆಲಸವನ್ನೂ ಅವರಿಗೆ ಕೊಡಬೇಡಿ.

ಎಷ್ಟು ಸುಲಭವಾಗಿ ಅಳತೆ ಮೀರುತ್ತದೆ ಎಂಬುದಕ್ಕೆ ಅಮೆರಿಕದ ಹಂದಿ ಸಾಕಣೆಯ ಕಥೆ ಸಾಕ್ಷಿ. 1970, 80ರ ದಶಕಗಳಲ್ಲಿ ಅಲ್ಲಿನ ಹಂದಿಮಾಂಸದಲ್ಲಿ ಸಲ್ಫಾಮೆಥಜೀನ್ ಮತ್ತೆ ಮತ್ತೆ ಮಿತಿ ಮೀರಿ ಸಿಕ್ಕಿತು. ರೈತರು ಔಷಧಿ ನಿಲ್ಲಿಸಿದ್ದರು, ದಿನ ಲೆಕ್ಕವೂ ಇಟ್ಟಿದ್ದರು. ಆದರೂ ಸಿಕ್ಕಿತು. ಫೀಡ್ ಬೆರೆಸುವ ಯಂತ್ರದಲ್ಲಿ ಉಳಿದ ನುಣ್ಣನೆಯ ಪುಡಿ ಮುಂದಿನ ಔಷಧಿಯಿಲ್ಲದ ಫೀಡಿಗೆ ಸೇರುತ್ತಿತ್ತು. ಹಂದಿಗಳು ತಮ್ಮದೇ ಸಗಣಿ, ಗಂಜಲ ಬಿದ್ದ ನೆಲವನ್ನು ನೆಕ್ಕಿ ಔಷಧಿಯನ್ನು ಮತ್ತೆ ಮೈಗೆ ಸೇರಿಸಿಕೊಳ್ಳುತ್ತಿದ್ದವು. ಪುಡಿಯ ಬದಲು ಹರಳಿನ ರೂಪದ ಔಷಧಿ ತಂದ ಮೇಲೆ, ಕೊಟ್ಟಿಗೆ ತೊಳೆದು ಹಂದಿಗಳನ್ನು ಬೇರೆ ಕಡೆ ಕಟ್ಟಿದ ಮೇಲೆ ತೊಂದರೆ ಇಳಿಯಿತು. ನಮ್ಮ ಕೋಳಿಯೂ ದಿನವಿಡೀ ಲಿಟರ್, ಅಂದರೆ ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟನ್ನು, ಕೆದಕುತ್ತಲೇ ಇರುತ್ತದೆ. ಹಾಗಾಗಿ ಔಷಧಿ ಮುಗಿದ ದಿನವೇ ಒದ್ದೆ ಲಿಟರ್ ತೆಗೆದು, ಡ್ರಿಂಕರ್‌ಗಳನ್ನು ತೊಳೆದು, ಆಮೇಲೆ ಕಾಯುವ ದಿನಗಳನ್ನು ಎಣಿಸಿ.

ಕೊಡುವಾಗ

ಲೀಟರಿಗೆ ಇಷ್ಟು ಎಂದು ಕೊಡುವುದಕ್ಕಿಂತ ತೂಕಕ್ಕೆ ಇಷ್ಟು ಎಂದು ಲೆಕ್ಕ ಮಾಡಿ. ತಲಾ 400 ಗ್ರಾಂ ತೂಗುವ 200 ಮರಿಗಳಿವೆ ಎಂದಿಟ್ಟುಕೊಳ್ಳಿ. ಒಟ್ಟು 80 ಕೆಜಿ. ಟಾಲ್ಟ್ರಾಜುರಿಲ್ ಕೆಜಿಗೆ 7 ಮಿಲಿಗ್ರಾಂ ಎಂದರೆ ದಿನಕ್ಕೆ 560 ಮಿಲಿಗ್ರಾಂ. 2.5 ಶೇಕಡಾ ದ್ರಾವಣದ ಒಂದು ಮಿಲಿಲೀಟರಿನಲ್ಲಿ 25 ಮಿಲಿಗ್ರಾಂ ಇರುತ್ತದೆ. ಹಾಗಾದರೆ ದಿನಕ್ಕೆ ಸುಮಾರು 22 ಮಿಲಿಲೀಟರ್ ಸಾಕು. ಲೀಟರಿಗೆ ಒಂದು ಮಿಲಿಲೀಟರ್ ಎಂದು ಹಾಕುತ್ತಾ ಹೋದರೆ, ಮರಿಗಳು 22 ಲೀಟರ್ ಕುಡಿಯುವ ತಂಪು ದಿನ ಲೆಕ್ಕ ಸರಿಹೋಗುತ್ತದೆ. ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಅವೇ ಮರಿಗಳು ಅದರ ಎರಡರಷ್ಟು ಕುಡಿದರೆ ಔಷಧಿಯೂ ಎರಡರಷ್ಟು ಒಳಗೆ ಹೋಯಿತು. ಟಾಲ್ಟ್ರಾಜುರಿಲ್‌ನಲ್ಲಿ ಇದು ಹೆಚ್ಚಿನ ಅಪಾಯ ತರಲಿಕ್ಕಿಲ್ಲ. ಸಲ್ಫಾಕ್ವಿನಾಕ್ಸಲಿನ್‌ನಲ್ಲಿ ಮರಿ ಸಾಯಬಹುದು. ಬಿಸಿಲು ಜೋರಿದ್ದಾಗ ನೀರಿನಲ್ಲಿ ಸಲ್ಫಾ ಕೊಡಲು ನನಗೆ ಧೈರ್ಯ ಸಾಲುವುದಿಲ್ಲ.

ನೀರಿಗೆ ಆಸಿಡಿಫೈಯರ್ ಹಾಕುವ ಅಭ್ಯಾಸ ಇದ್ದರೆ ಸಲ್ಫಾ ಕೊಡುವ ದಿನಗಳಲ್ಲಿ ನಿಲ್ಲಿಸಿ. ಹುಳಿ ನೀರಿನಲ್ಲಿ ಸಲ್ಫಾ ಕರಗದೆ ತಳಕ್ಕೆ ಕೂರುತ್ತದೆ. ಮೇಲಿನ ನೀರು ಕುಡಿದ ಮರಿಗೆ ಔಷಧಿಯೇ ಸಿಗುವುದಿಲ್ಲ, ತಳದ್ದು ಕುಡಿದದ್ದಕ್ಕೆ ವಿಪರೀತ.

ರಕ್ತ ಹಾಕುತ್ತಿರುವ ಮರಿಗೆ ಮಾತ್ರ ಕೊಟ್ಟರೆ ಸಾಲದು. ಟೆನೆಲ್ಲಾ ಸೋಂಕಿನಲ್ಲಿ ರಕ್ತ ಕಾಣುವುದು ನಾಲ್ಕೈದು ದಿನ ಕಳೆದ ಮೇಲೆ. ಅಷ್ಟರಲ್ಲಿ ಆ ಮರಿಯ ಕರುಳಿಗೆ ಆಗಬೇಕಾದ ಹಾನಿ ಬಹುಪಾಲು ಆಗಿಹೋಗಿರುತ್ತದೆ. ಔಷಧಿಯಿಂದ ನಿಜವಾಗಿ ಉಳಿಯುವುದು, ನೋಡಲು ಚೆನ್ನಾಗಿರುವ ಪಕ್ಕದ ಮರಿಗಳು. ಮೇಕೆ ಮರಿಗಳಲ್ಲೂ ಹೀಗೆಯೇ, ಒಂದೇ ದೊಡ್ಡಿಯಲ್ಲಿ ಇರುವ ಅದೇ ವಯಸ್ಸಿನ ಎಲ್ಲವಕ್ಕೂ ಕೊಡಬೇಕು.

ನಾಯಿಗಳ ಬಗ್ಗೆ ಒಂದು ಮಾತು. ಡಾಬರ್‌ಮನ್ ಜಾತಿಗೆ ಸಲ್ಫಾ ಸಾಮಾನ್ಯವಾಗಿ ಒಗ್ಗುವುದಿಲ್ಲ. ಕೀಲು ನೋವು, ಜ್ವರ ಬರಬಹುದು. ಯಾವ ನಾಯಿಗಾದರೂ ಸಲ್ಫಾದಿಂದ ಕಣ್ಣೀರು ಬತ್ತಿ ಕಣ್ಣು ಒಣಗಬಹುದು. ಕಣ್ಣಿನಲ್ಲಿ ಅಂಟು ಪಿಸುರು ಕಂಡರೆ ಔಷಧಿ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಯಾವ ಔಷಧಿ ಕೊಟ್ಟರೂ ನೆಲ ಒದ್ದೆಯಿದ್ದರೆ ಎರಡು ವಾರಕ್ಕೆ ಕಾಯಿಲೆ ವಾಪಸ್ ಬರುತ್ತದೆ. ಹಿಕ್ಕೆಯಲ್ಲಿ ಬಿದ್ದ ಐಮೇರಿಯಾ ಮೊಟ್ಟೆ ಬೆಚ್ಚಗಿನ ತೇವದಲ್ಲಿ ಒಂದೆರಡು ದಿನದಲ್ಲೇ ಸೋಂಕು ಹರಡಲು ತಯಾರಾಗುತ್ತದೆ. ನಾವು ಬಳಸುವ ಮಾಮೂಲಿ ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ. ಅದು ಹೆದರುವುದು ಬಿಸಿಲಿಗೆ, ಒಣ ನೆಲಕ್ಕೆ, ಬೆಂಕಿಯ ಶಾಖಕ್ಕೆ, ಅಮೋನಿಯಾಕ್ಕೆ. ಡ್ರಿಂಕರ್ ಸುತ್ತಲಿನ ಒದ್ದೆ ಹೊಟ್ಟನ್ನು ದಿನಾ ತೆಗೆದು ಒಣ ಭತ್ತದ ಹೊಟ್ಟು ಹಾಕಿ. ಮೇಕೆ ಮರಿಗಳ ಮೇವನ್ನು ನೆಲಕ್ಕೆ ಸುರಿಯದೆ ಗೋದಲಿಯಲ್ಲಿ ಎತ್ತರಕ್ಕೆ ಕಟ್ಟಿ. ಹಾಲು ಬಿಡಿಸುವ ವಾರದಲ್ಲಿ ಇನ್ನೂ ಹೆಚ್ಚು ಗಮನ ಇರಲಿ, ಮರಿಗಳು ಬೀಳುವುದು ಆಗಲೇ.

ಡಾಕ್ಟರ ಹತ್ತಿರ ಹೋಗುವಾಗ ಇಷ್ಟು ಬರೆದುಕೊಂಡು ಹೋಗಿ: ಮರಿಗಳ ವಯಸ್ಸು, ಸರಾಸರಿ ತೂಕ, ಎಷ್ಟು ಇವೆ, ಎಷ್ಟು ಸತ್ತವು, ಯಾವ ಫೀಡ್, ಯಾವ ಲಸಿಕೆ ಆಗಿದೆ, ಮಾರುವ ತಾರೀಖು ಯಾವುದು, ಮನೆಯಲ್ಲಿ ಮೊಟ್ಟೆ ಅಥವಾ ಹಾಲು ಬಳಸುತ್ತೀರಾ. ಚೀಟಿ ಕೈಗೆ ಬಂದ ಮೇಲೆ ‘ಕೊನೆಯ ಡೋಸ್ ಆದ ಮೇಲೆ ಎಷ್ಟು ದಿನ ಕಾಯಬೇಕು ಸರ್?’ ಎಂದು ಕೇಳಿ, ಅದನ್ನೂ ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಚಿಕಿತ್ಸೆ ಮುಗಿದಾಗ ಡ್ರಮ್ಮಿನಲ್ಲಿ ಉಳಿದ ಔಷಧಿಯ ನೀರನ್ನು ಹಸುವಿನ ತೊಟ್ಟಿಗೆ ಸುರಿಯಬೇಡಿ, ಕೆರೆ ಬಾವಿಗೂ ಬಿಡಬೇಡಿ. ಉಳಿದ ಪುಡಿಯನ್ನು ಪೊಟ್ಟಣ ಕಟ್ಟಿ ಮುಂದಿನ ಬ್ಯಾಚಿಗೆ ಎತ್ತಿಡುವುದೂ ಬೇಡ. ಮುಂದಿನ ಸಲ ಬರುವ ಕಾಯಿಲೆ ಗುಂಬೊರೊ ಇರಬಹುದು.